ಸೈನ್‌ಫೆಲ್ಡ್ ಕಿವಿಯಿಂದ: ಲಾಸ್‌ಲೆಸ್, ಎಎಸಿ, ಬ್ಲೂಟೂತ್

ಸಿಟ್‌ಕಾಮ್‌ಗೆ ಲಾಸ್‌ಲೆಸ್ ಆಡಿಯೊ (ಯಾವ ವಿವರವೂ ಕಳೆಯದ ಧ್ವನಿ) ಯಾಕೆ ಬೇಕು, ಮಾತು ಕೇಳಿಸಿದರೆ ಸಾಕಲ್ವಾ ಅಂತ ಗೆಳೆಯ ಕೇಳಿದ. ಸುಮ್ನೆ ವಾದ ಮಾಡೋ ಬದಲು ಒಂದೇ ಕಂತನ್ನು ಮೂರು ಥರ ಕೇಳಿ ನೋಡಿದೆ.

ಆರಿಸಿಕೊಂಡದ್ದು ಅಮೆರಿಕದ ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ನ 1991ರ ‘ದಿ ಚೈನೀಸ್ ರೆಸ್ಟೋರೆಂಟ್’. ಜೆರ್ರಿ, ಜಾರ್ಜ್, ಎಲೇನ್ ಊಟದ ಟೇಬಲ್‌ಗಾಗಿ ಕಾಯುತ್ತಾರೆ, ಅಷ್ಟೇ ಕಥೆ. ಜಾಗ ಬದಲಾಗುವುದೇ ಇಲ್ಲ. ಹಾಗಾಗಿ ಕಿವಿ ತಾನಾಗಿಯೇ ಚುರುಕಾಗುತ್ತದೆ.

ಮೊದಲನೆಯದು ಬ್ಲೂ-ರೇ ಡಿಸ್ಕಿನ ಲಾಸ್‌ಲೆಸ್ ಧ್ವನಿ. ಎರಡನೆಯದು ಅದೇ ಧ್ವನಿಯನ್ನು 128 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್ ಡೇಟಾ) ಎಎಸಿಗೆ ಇಳಿಸಿದ ಫೈಲ್. ಎಎಸಿ ಅಂದರೆ ಕೆಲವು ವಿವರ ಬಿಟ್ಟು ಫೈಲ್ ಚಿಕ್ಕದು ಮಾಡುವ ವಿಧಾನ. ಮೂರನೆಯದು ಲಾಸ್‌ಲೆಸ್ ಧ್ವನಿಯೇ, ಆದರೆ ತಂತಿಯ ಬದಲು ಬ್ಲೂಟೂತ್‌ನಲ್ಲಿ. ಮೂರಕ್ಕೂ ಒಂದೇ ಹೆಡ್‌ಫೋನ್. ವಾಲ್ಯೂಮ್ ಮೂರರಲ್ಲೂ ಸಮ ಮಾಡಿಕೊಂಡೆ, ಯಾಕಂದ್ರೆ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ತಂತಿಯಲ್ಲಿ ಕೇಳುವಾಗ ಯಾವ ಫೈಲ್ ಓಡುತ್ತಿದೆ ಅಂತ ತಮ್ಮ ನನಗೆ ಹೇಳಲಿಲ್ಲ.

ವ್ಯತ್ಯಾಸ ಧಾರಾವಾಹಿಯ ಸಂಗೀತದ ಬಾಸ್‌ನಲ್ಲಿ ಸಿಗುತ್ತದೆ ಅಂದುಕೊಂಡಿದ್ದೆ. ಸಂಗೀತ ಸಂಯೋಜಕ ಜೊನಾಥನ್ ವುಲ್ಫ್ ಮಾಡಿದ ಆ ಬಾಸ್ ನಿಜವಾದ ಗಿಟಾರ್ ಅಲ್ಲ, ಕೀಬೋರ್ಡ್. ಜೊತೆಗೆ ಬಾಯಲ್ಲಿ ಮಾಡಿದ ಟಕ್ ಟಕ್ ಸದ್ದು. ಹಾಸ್ಯಗಾರ ಜೆರ್ರಿ ವೇದಿಕೆಯಲ್ಲಿ ಮಾತಾಡುವ ಲಯ ನೋಡಿಕೊಂಡು ಕಂತು ಕಂತಿಗೂ ಹೊಸದಾಗಿ ಹೊಂದಿಸುತ್ತಿದ್ದರು. ಎಂಥ ಶ್ರದ್ಧೆ! ಆದರೆ ಎಎಸಿಯಲ್ಲೂ ಅದು ಅಷ್ಟೇ ಗಟ್ಟಿಯಾಗಿ ಕೇಳಿಸಿತು. ಮಾತಿನಲ್ಲೂ ನನಗೆ ವ್ಯತ್ಯಾಸ ಸಿಗಲಿಲ್ಲ.

ಸಿಕ್ಕಿದ್ದು ಪ್ರೇಕ್ಷಕರ ನಗು ಮತ್ತು ಚಪ್ಪಾಳೆಯಲ್ಲಿ. ಚಪ್ಪಾಳೆ ಅಂದರೆ ನೂರಾರು ಚಿಕ್ಕ ಚಿಕ್ಕ ಸದ್ದು, ಒಂದರ ಮೇಲೊಂದು, ಯಾವ ಕ್ರಮವೂ ಇಲ್ಲದೆ. ಫೈಲ್ ಕುಗ್ಗಿಸುವ ಕೋಡೆಕ್‌ಗಳಿಗೆ ಇದು ಬಹಳ ಕಷ್ಟದ ಸದ್ದು. ಅದಕ್ಕೇ ಕೋಡೆಕ್ ಪರೀಕ್ಷೆಗಳಲ್ಲಿ ಚಪ್ಪಾಳೆಯನ್ನು ಬಳಸುತ್ತಾರೆ. ಎಎಸಿಯಲ್ಲಿ ಅದು ಮಳೆ ಸುರಿದ ಹಾಗೆ ಒಂದೇ ಮುದ್ದೆಯಾಯಿತು. ಲಾಸ್‌ಲೆಸ್‌ನಲ್ಲಿ ಕೈಗಳು ಬೇರೆ ಬೇರೆಯಾಗಿ ಕೇಳಿಸಿದವು. ಮೊದಲು ನಕ್ಕವರು, ತಡವಾಗಿ ನಕ್ಕವರು, ಎಲ್ಲರೂ ಸಿಕ್ಕರು. ನಗು ಇಳಿಯುವವರೆಗೆ ನಟರು ಮುಂದಿನ ಮಾತನ್ನು ತಡೆದು ಹಿಡಿಯುವುದು ಆಗ ಸ್ಪಷ್ಟವಾಯಿತು. ಯಾವ ಫೈಲ್ ಓಡುತ್ತಿದೆ ಅಂತ ಹತ್ತು ಸಲದಲ್ಲಿ ಎಂಟು ಸಲ ಸರಿಯಾಗಿ ಗುರುತಿಸಿದೆ. ಎಂಟೂ ಪ್ರೇಕ್ಷಕರ ಸದ್ದಿದ್ದ ತುಣುಕುಗಳೇ.

ಬ್ಲೂಟೂತ್ ಎರಡರ ನಡುವೆ ನಿಂತಿತು. ಲಾಸ್‌ಲೆಸ್ ಕೊಟ್ಟರೂ ಅದು ದಾರಿಯಲ್ಲಿ ಮತ್ತೆ ಕುಗ್ಗಿಸುತ್ತದೆ. ನನ್ನದರಲ್ಲಿ ಎಸ್‌ಬಿಸಿ ಕೋಡೆಕ್, ಸುಮಾರು 328 ಕೆಬಿಪಿಎಸ್. ಕುಗ್ಗಿಸದ ಸಿಡಿಯದು 1411. ಅಡುಗೆ ಮಾಡುತ್ತಾ ಕೇಳೋಕೆ ಧಾರಾಳವಾಗಿ ಸಾಕು.

ಟಿವಿಯ ಸ್ಪೀಕರ್‌ನಲ್ಲೇ ಕೇಳುವವರು ಡಿಸ್ಕಿಗೆ ದುಡ್ಡು ಹಾಕಬೇಡಿ. ಅಲ್ಲಿ ನನಗೆ ಡಿಸ್ಕ್, ಎಎಸಿ ಎರಡೂ ಒಂದೇ ಆದವು. ಮೊದಲು ತಂತಿಯ ಒಳ್ಳೆ ಹೆಡ್‌ಫೋನ್ ತಗೊಳ್ಳಿ, ಡಿಸ್ಕ್ ಆಮೇಲೆ.

ತಗೊಂಡ ಮೇಲೆ ಈ ಕಂತಿನ ಕೊನೆ ಕೇಳಿ. ಮೂವರೂ ಬೇಸತ್ತು ಹೊರಟುಹೋಗುತ್ತಾರೆ. ಆಗ ಹೋಟೆಲಿನವನು ಅವರ ಹೆಸರು ಕೂಗುತ್ತಾನೆ. ಹಿಂದೆಯೇ ಏಳುವ ನಗುವನ್ನು ನಾನು ಲಾಸ್‌ಲೆಸ್‌ನಲ್ಲಿ ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ.