ಕೂಸಿಗೆ ಎರೆಯಲು ಬಂದ ಆಯಿ: 40 ದಿನದ ಲೆಕ್ಕ

ದಿನಕ್ಕೆ 150 ರೂಪಾಯಿ, ಕೂಸಿಗೆ 40 ದಿನ ತುಂಬುವ ತನಕ. ಮುಗಿದ ಮೇಲೆ ಒಂದು ಸೀರೆ, ಗುಳೇದಗುಡ್ಡದ ಖಣ, ಉಡಿಯೊಳಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಮುಂಜಾನೆ ಎಂಟಕ್ಕೆ ಬರಬೇಕು. ಮೊದಲು ಕೂಸಿಗೆ ಜಳಕ, ಆಮೇಲೆ ಬಾಣಂತಿಗೆ. ಎಣ್ಣೆ, ಕಡ್ಲಿಹಿಟ್ಟು, ಹಂಡೆ ತುಂಬ ಬಿಸಿನೀರು ನಮ್ಮದು; ಎರಡು ಸಲ ಚಹಾ, ಅದೂ ನಮ್ಮದೇ. ವಿಜಯಪುರದ ಶಹಾಪೇಟಿಯ ನನ್ನ ತವರುಮನೆಯ ಕಟ್ಟೆಯ ಮೇಲೆ ಅವ್ವ ಮತ್ತು ಆಯಿ ನಡುವೆ ಆದ ಕರಾರು ಇಷ್ಟೇ. ರೊಕ್ಕದ ಮಾತು ಎರಡು ನಿಮಿಷದಲ್ಲಿ ಮುಗೀತು. ಆಡಬೇಕಿದ್ದ ಉಳಿದ ಮಾತುಗಳನ್ನು ಯಾರೂ ಆಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮುಂದಿನ ಬಾಣಂತಿಯರಿಗೆ ಉಪಯೋಗಕ್ಕೆ ಬರಲಿ ಅಂತ.

ಮೊದಲು ಆಕೆಯ ಕೈ ಬಗ್ಗೆ ಹೇಳಬೇಕು. ಆಯಿಗೆ ಅರವತ್ತು ದಾಟಿರಬೇಕು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆ ಮೊಣಕಾಲಿನ ತನಕ ಸರಿಸಿ, ಎರಡೂ ಕಾಲು ಚಾಚಿ ಜೋಡಿಸುತ್ತಾಳೆ. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಮುಂಗೈ ತುಂಬ ಹಸಿರು ಗಾಜಿನ ಬಳೆ, ತೆಗೆಯುವಂತಿಲ್ಲ. ಅವನ್ನೆಲ್ಲ ಮೇಲಕ್ಕೆ ದಬ್ಬಿ, ಹಳೆ ಅರಿವೆ ಸುತ್ತಿ ಹಲ್ಲಿನಲ್ಲಿ ಗಂಟು ಬಿಗಿಯುತ್ತಾಳೆ. ಉಂಗುರ ಸೆರಗಿನ ತುದಿಗೆ ಹೋಗುತ್ತದೆ. ನೀರಿಗೆ ಬೆರಳು ಅದ್ದುವುದಿಲ್ಲ, ಮೊಣಕೈ ಅದ್ದುತ್ತಾಳೆ. ಯಾಕೆ ಅಂದರೆ, "ಬೆರಳ ಸತ್ತ ಹೋಗ್ಯಾವ ತಂಗಿ, ಭಾಂಡೆ ತಿಕ್ಕಿ ತಿಕ್ಕಿ. ಮೊಣಕೈ ಇನ್ನಾ ಕೂಸಿನಂಗ ಐತಿ."

ತಂಬಿಗೆಯ ನೀರು ನೇರ ಕೂಸಿನ ಮೇಲೆ ಬೀಳುವುದೇ ಇಲ್ಲ. ಮೊದಲು ಆಕೆಯ ಅಂಗೈಗೆ, ಅಲ್ಲಿಂದ ಕೂಸಿಗೆ. ತಲೆಗೆ ಹಾಕುವಾಗ ಎಡಗೈ ಹುಬ್ಬಿನ ಮೇಲೆ ಸೂರಿನ ಹಾಗೆ ನಿಲ್ಲುತ್ತದೆ, ಕಣ್ಣಿಗೆ ಒಂದು ಹನಿ ಹೋಗುವುದಿಲ್ಲ. ನೆತ್ತಿಯ ಮೆತ್ತನೆ ಜಾಗಕ್ಕೆ ಎಣ್ಣೆ ಸವರುತ್ತಾಳೆಯೇ ಹೊರತು ಒತ್ತುವುದಿಲ್ಲ. ಹೊಕ್ಕಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಯಾವುದೂ ಇಲ್ಲ. ಒಣ ಅರಿವೆಯಿಂದ ಒತ್ತಿ ಒಣಗಿಸಿ ಬಿಟ್ಟಳು, ಹತ್ತನೇ ದಿನ ತಾನೇ ಉದುರಿತು. ಜಳಕ ಆಯಿತೆಂದರೆ ಕೂಸಿಗೆ ಮೂರು ತಾಸು ನಿದ್ದೆ. ನಮ್ಮ ಅತ್ತಿಗೆಯ ಬಾಣಂತನದಲ್ಲಿ ತರಬೇತಿ ಆದವರು ಅಂತ ಒಬ್ಬರನ್ನು ಸಲಕ್ಕೆ 600 ಕೊಟ್ಟು ಕರೆಸಿದ್ದೆವು. ಕೈಗವಸು, ಏಪ್ರನ್ ಎಲ್ಲ ಇತ್ತು. ಕೂಸನ್ನು ಹಿಡಿದದ್ದು ಮಾತ್ರ ಒದ್ದೆ ಸಾಬೂನು ಹಿಡಿದಂತೆ. ಎರಡೇ ದಿನಕ್ಕೆ ಕೈ ಮುಗಿದೆವು.

ಆಯಿ ಬಂದದ್ದು ಐದೇಶಿ ದಿನ, ಅಂದರೆ ಹೆರಿಗೆಯಾದ ಐದನೇ ದಿನ. ಹುಟ್ಟಿದ ಕೂಸಿಗೆ ಕನಿಷ್ಠ 24 ತಾಸು ಎರೆಯಬಾರದು, ಮೈ ತಣ್ಣಗಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾವು ಅಲ್ಲಿಯ ತನಕ ಒರೆಸಿಯೇ ಇಟ್ಟಿದ್ದೆವು. ಮೊದಲ ದಿನ ಎಣ್ಣೆ ಹಚ್ಚುತ್ತಿದ್ದವಳು ನಡುವೆಯೇ ಕೈ ನಿಲ್ಲಿಸಿದಳು. ಕೂಸನ್ನು ಬಾಗಿಲ ಬೆಳಕಿಗೆ ತಂದು, ಹೆಬ್ಬೆರಳಿಂದ ಮೂಗಿನ ತುದಿ ಒತ್ತಿ ಬಿಟ್ಟಳು. ಆಮೇಲೆ ಎದೆ, ಹೊಟ್ಟೆ, ಮೊಣಕಾಲು, ಕೊನೆಗೆ ಅಂಗಾಲು. ಬೆರಳು ತೆಗೆದ ಕ್ಷಣ ಚರ್ಮ ಬೆಳ್ಳಗೆ ಕಾಣಬೇಕಲ್ಲ, ಅರಿಶಿನ ಕಂಡಿತು.

"ಮಾರಿ ಮ್ಯಾಗಷ್ಟೇ ಇದ್ರ ಬಿಡತಿದ್ನಿ. ಅಂಗಾಲಿಗಿ ಇಳದೈತಿ. ಎಣ್ಣಿ ಒರಸ್ರಿ ಅಕ್ಕಾರ, ದವಾಖಾನಿಗಿ ಒಯ್ರಿ."

ಕಾಮಣಿ, ಅಂದರೆ ಕಾಮಾಲೆ. ಎಷ್ಟೋ ಕೂಸುಗಳಿಗೆ ಎರಡು ಮೂರನೇ ದಿನ ಹಳದಿ ಕಂಡು ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಅಂಗೈ, ಅಂಗಾಲಿಗೆ ಬಂತೆಂದರೆ ಕಾಯುವ ಹಾಗಿಲ್ಲ, ರಕ್ತದಲ್ಲಿನ ಹಳದಿ ಅಂಶ ಬಿಲಿರುಬಿನ್ ವಿಪರೀತ ಏರಿದರೆ ಮಿದುಳಿಗೇ ಪೆಟ್ಟು ಅಂತ ಡಾಕ್ಟರು ತಿಳಿಸಿ ಹೇಳಿದರು. ಎರಡು ದಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ನಾನು ಎರಡೆರಡು ತಾಸಿಗೆ ಎದೆಹಾಲು ಕುಡಿಸುತ್ತ ಪಕ್ಕದಲ್ಲೇ ಕೂತಿದ್ದೆ. ಮನೆಗೆ ಬಂದ ಮೇಲೆ ಓಣಿಯ ಹಿರಿಯರೊಬ್ಬರು, "ಹೊಟ್ಟಿಗಿ ಒಂದ್ ಬರಿ ಎಳಿಸಿದ್ರ ಇಷ್ಟೆಲ್ಲಾ ಬೇಕಾಗಿದ್ದಿಲ್ಲ" ಅಂದರು. ನಾವು ಬಾಯಿ ತೆರೆಯುವ ಮೊದಲೇ ಆಯಿ ಅವರ ಮೇಲೆ ಹರಿಹಾಯ್ದಳು. ಆಕೆಯ ತಂಗಿಯ ಕೂಸಿಗೆ ಕಾಯಿಸಿದ ಸೂಜಿಯಿಂದ ಬರೆ ಹಾಕಿಸಿದ್ದರಂತೆ. ಅದರ ಮುಂದಿನದನ್ನು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೀಗಾಗಿ ಮರುದಿನ ಅದೇ ಆಯಿ ಕೊಬ್ಬರಿ ಎಣ್ಣೆಯಲ್ಲಿ ಬೆರಳದ್ದಿ ಕೂಸಿನ ಮೂಗಿನ ಹೊಳ್ಳೆಗೆ ಎರಡೆರಡು ಹನಿ ಬಿಟ್ಟಾಗ ನನಗೆ ತಡೆಯಬೇಕು ಅಂತ ಹೊಳೆಯಲೇ ಇಲ್ಲ. ಇಷ್ಟು ತಿಳಿದವಳು ಮಾಡುತ್ತಾಳೆ ಅಂದರೆ ಸರಿಯೇ ಇರಬೇಕು ಅಂದುಕೊಂಡೆ. ಆ ನಂಬಿಕೆಯಲ್ಲೇ ತೊಂದರೆ ಇರುವುದು. ನೀರು ಒಳಗೆ ಹೋದರೆ ಕೂಸು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಹಾಗಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂತು ನ್ಯುಮೋನಿಯಾ ತರಬಹುದು. ಮೂರು ದಿನ ನಡೆದ ಮೇಲೆ ಫೋನಿನಲ್ಲಿ ಡಾಕ್ಟರನ್ನು ಕೇಳಿದೆ, ಬೈಸಿಕೊಂಡೆ.

ಎದೆ ಹಿಂಡುವುದು ಇನ್ನೊಂದು. ನಮ್ಮ ಕೂಸಿನ ಎದೆ ಎರಡೂ ಕಡೆ ಹುಣಸೆ ಬೀಜದಷ್ಟು ಉಬ್ಬಿತ್ತು. ಗಂಡುಕೂಸಾದರೂ ಹೀಗಾಗುತ್ತದೆ. ತಾಯಿಯ ಹಾರ್ಮೋನು ಕೂಸಿನ ಮೈಯಲ್ಲಿ ಇನ್ನೂ ಉಳಿದಿರುವುದರಿಂದ ಬರುವ ಬಾವು ಅದು, ಮುಟ್ಟದೆ ಬಿಟ್ಟರೆ ಕೆಲವು ವಾರಗಳಲ್ಲಿ ಕರಗುತ್ತದೆ. ಹಿಂಡಿದರೆ ಸೋಂಕಾಗಿ ಕೀವು ತುಂಬಬಹುದು. ಆಯಿಗೆ ಅದು "ಕೆಟ್ಟ ಹಾಲು", ತೆಗೆಯದಿದ್ದರೆ ಗಂಟಾಗಿ ಉಳಿಯುತ್ತದೆ. ನಾನು ಬೇಡ ಅಂದರೆ, "ನೀ ನಿನ್ನೆ ಹಡದಾಕಿ" ಅಂದಳು. ಕೊನೆಗೆ ಅವ್ವ ಬಚ್ಚಲ ಬಾಗಿಲಿಗೆ ಸ್ಟೂಲು ಹಾಕಿ ಕೂತಳು. ಅವತ್ತಿನಿಂದ ಮೂಗಿಗೆ ಎಣ್ಣೆ, ಕಿವಿಗೆ ಎಣ್ಣೆ, ಎದೆ ಹಿಂಡುವುದು ಮೂರೂ ಬಂದ್. ಕಾಲು ಹಿಡಿದು ತಲೆಕೆಳಗೆ ತೂಗುವುದೂ ಬಂದ್. ಕಣ್ಣಿಗೆ ಕಾಡಿಗೆ ಬೇಡ ಅಂದದ್ದಕ್ಕೆ ಅಂಗಾಲಿಗೆ ಒಂದು ಬೊಟ್ಟು ಇಟ್ಟು ಸಮಾಧಾನ ಮಾಡಿಕೊಂಡಳು, ಅದಕ್ಕೆ ಯಾರದೂ ತಕರಾರಿಲ್ಲ.

ಗುಟ್ಟಿ ವಿಷಯದಲ್ಲಿ ಜಗಳವೇ ಆಯಿತು. ಬಜೆ, ಮಾಚಿಕಾಯಿ, ಜಾಯಿಕಾಯಿ, ಬಾದಾಮಿ ಸಾಣೆಕಲ್ಲಿನ ಮೇಲೆ ತೇದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದು ನನ್ನ ಅಜ್ಜಿಯೂ ಮಾಡಿದ್ದೇ. ಆದರೆ ಆರು ತಿಂಗಳ ತನಕ ಎದೆಹಾಲು ಬಿಟ್ಟು ನೀರೂ ಬೇಡ. ಜೇನಂತೂ ಒಂದು ವರ್ಷದ ತನಕ ಬೇಡವೇ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಸಣ್ಣ ಕೂಸಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಈ ಸಲ ಅವ್ವ ಆಯಿಯ ಕಡೆಗಿದ್ದಳು. ಸಾಣೆಕಲ್ಲನ್ನು ನಾನೇ ನನ್ನ ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಇವತ್ತಿಗೂ ಅಲ್ಲೇ ಇದೆ.

ಇನ್ನು ಶೇಗಡಿ. ವಿಜಯಪುರದ ಮೇ ತಿಂಗಳು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹೊರಗೆ 41 ಡಿಗ್ರಿ. ಒಳಗೆ ಕಿಟಕಿ ಬಂದ್, ಹೊರಸಿನ ಕೆಳಗೆ ಕೆಂಡದ ಶೇಗಡಿ, ಮೇಲೆ ಲೋಬಾನ. ಕೂಸಿನ ತಲೆಗೆ ಉಣ್ಣೆ ಟೊಪ್ಪಿಗೆ, ಅದರ ಮೇಲೆ ಕುಂಚಗಿ, ಅದರ ಮೇಲೆ ಕೌದಿ. ಚಳಿಗಾಲದಲ್ಲಿ ಹುಟ್ಟಿದ ಕೂಸಿಗೆ ಹೇಳಿ ಮಾಡಿಸಿದ ಪದ್ಧತಿಯನ್ನು ಆಯಿ ತಿಂಗಳು ನೋಡದೆ ಎಲ್ಲರಿಗೂ ನಡೆಸುತ್ತಾಳೆ. 14ನೇ ದಿನ ಆಶಾ ಅಕ್ಕ (ಆಶಾ ಆರೋಗ್ಯ ಕಾರ್ಯಕರ್ತೆ) ಬಂದರು. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28, 42ನೇ ದಿನಗಳಲ್ಲಿ ಅವರು ಮನೆಗೆ ಬಂದು ಕೂಸನ್ನು ನೋಡುವ ನಿಯಮವಿದೆ, ಇದಕ್ಕೆ ಪೈಸೆ ಕೊಡಬೇಕಿಲ್ಲ. ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು: 100.2. ಅವರೇ ಕಿಟಕಿ ತೆಗೆದರು, ಶೇಗಡಿಯನ್ನು ಅಂಗಳಕ್ಕೆ ಸಾಗಿಸಿದರು, ಕೂಸಿಗೆ ಒಂದು ತೆಳ್ಳನೆ ಅಂಗಿ ಮಾತ್ರ ಬಿಟ್ಟರು. ಅರ್ಧ ತಾಸಿಗೆ 98.8. ಹಾಲು ಚೆನ್ನಾಗಿ ಕುಡಿಯುತ್ತಿತ್ತು, ಉಸಿರು ನಿಮಿಷಕ್ಕೆ 60ರ ಒಳಗೇ ಇತ್ತು, ಆದರೂ ತಿಂಗಳೊಳಗಿನ ಕೂಸಿನ ಜ್ವರವನ್ನು ಮನೆಯಲ್ಲಿ ತೀರ್ಮಾನ ಮಾಡಬಾರದು ಅಂತ ಸಂಜೆಯೇ ಡಾಕ್ಟರ ಹತ್ತಿರ ಕಳಿಸಿದರು. ಬರೀ ಸೆಕೆ, ಬೇರೇನೂ ಇರಲಿಲ್ಲ. ಮುಚ್ಚಿದ ಕೋಣೆಯ ಕೆಂಡದಿಂದ ವಾಸನೆಯಿಲ್ಲದ ವಿಷಗಾಳಿ ಬರುತ್ತದೆ, ಅದು ತಾಯಿಯನ್ನೂ ಕೂಸನ್ನೂ ನಿದ್ದೆಯಲ್ಲೇ ತೆಗೆದುಕೊಂಡು ಹೋಗಬಹುದು ಅಂತ ಅವರು ಹೇಳಿದ್ದು ಕೇಳಿ ಅವ್ವ ಶೇಗಡಿಯನ್ನು ಅಟ್ಟಕ್ಕೆ ಏರಿಸಿದಳು. ಆಯಿ ಎರಡು ದಿನ ನಮ್ಮ ಚಹಾ ಕುಡಿಯಲಿಲ್ಲ.

ನನ್ನ ಜಳಕದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೊಂಟಕ್ಕೆ ಆಕೆ ಬಿಸಿನೀರು ಚಪ್ಪಳಿಸಿ ಬಡಿಯುವಾಗ, ಇದಕ್ಕಾದರೂ ಇನ್ನೊಂದು ಹಡೆಯಬಹುದು ಅನ್ನಿಸಿತ್ತು. ಆಮೇಲೆ ರಾತ್ರಿ ನಿದ್ದೆಯ ನೆನಪಾಗಿ ಬೇಡ ಅನ್ನಿಸಿತು.

ಆಯಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕರೆಸುವವರು ಮೂಗು, ಕಿವಿ, ಎದೆ, ಜೇನು, ಶೇಗಡಿ ಈ ಐದರ ಮಾತನ್ನು 150ರ ಮಾತಿನ ಜೊತೆಗೇ, ಕಟ್ಟೆಯ ಮೇಲೇ ಆಡಿ ಮುಗಿಸಿ. ಬಾಣಂತಿ ಹೇಳಿದರೆ ನಡೆಯುವುದಿಲ್ಲ, ಬಾಗಿಲಿಗೆ ಸ್ಟೂಲು ಹಾಕಿ ಕೂರುವ ಹಿರಿಯರೊಬ್ಬರು ಬೇಕು. ಮತ್ತೆ ಬೇಗ ಹೇಳಿಡಿ, ದಸರಾ ತನಕ ಆಕೆಯ ಮುಂಜಾನೆಗಳೆಲ್ಲ ತುಂಬಿವೆ ಅಂತ ಕೇಳಿದೆ.

ಕೊನೆಯ ದಿನ ಉಡಿ ತುಂಬಿಸಿಕೊಂಡು ಆಯಿ ಕೂಸನ್ನು ಎರಡೂ ಅಂಗೈಯಲ್ಲಿ ಎತ್ತಿ ತೂಗಿದಳು. "ನಾಕ ಕಿಲೋ ಐತಿ, ಒಂದ ಗುಂಜಿ ಕಮ್ಮಿ ಇಲ್ಲ." ಹುಟ್ಟಿದಾಗ 2 ಕೆಜಿ 750 ಗ್ರಾಂ ಇತ್ತು. ಎರಡು ದಿನ ಬಿಟ್ಟು ಆಶಾ ಅಕ್ಕ ಜೋಳಿಗೆ ತಕ್ಕಡಿಗೆ ಹಾಕಿದಾಗ ಮುಳ್ಳು 3 ಕೆಜಿ 700ಕ್ಕೆ ನಿಂತಿತು. ಮೊನ್ನೆ ಮಾರ್ಕೆಟ್ಟಿನಲ್ಲಿ ಆಯಿ ಸಿಕ್ಕಾಗ ಹೇಳಿದೆ. ಸರಕಾರದ ತಕ್ಕಡಿ ಅಲ್ಲೇನು, ಸ್ಪ್ರಿಂಗ್ ಸಡ್ಲ ಆಗಿರಬೇಕು ಅಂದಳು.