ನೆಲಕ್ಕೆ ಕೂರುವ ಬೈಕು, ಸ್ಟ್ಯಾಂಡಿಗೆ ಒರಗುವ ಬೈಕು: ಏರ್ ರೈಡ್ ಹೋಲಿಕೆ

ಬೈಕಿಗೆ ಏರ್ ರೈಡ್, ಅಂದರೆ ಗಾಳಿಯ ಸಸ್ಪೆನ್ಷನ್, ಹಾಕಿಸಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು, ಸವಾರಿ ಎಷ್ಟು ಮೆತ್ತಗಿರುತ್ತದೆ ಅಂತ. ನಾನು ತಿರುಗಿ ಕೇಳುವುದು, ಬೈಕನ್ನು ದಿನಾ ಎಲ್ಲಿ ನಿಲ್ಲಿಸುತ್ತೀರಿ ಅಂತ. ಸುಮಾರು 370 ಕಿಲೋ ತೂಗುವ ಹಾರ್ಲಿ-ಡೇವಿಡ್ಸನ್ ಬೈಕು ಓಡುವಾಗ ತನ್ನ ಭಾರ ತಾನೇ ನೋಡಿಕೊಳ್ಳುತ್ತದೆ. ಕಷ್ಟ ಶುರುವಾಗುವುದು ಅದು ನಿಂತಾಗ.

ನಾನಿರುವುದು ಟೆಕ್ಸಸ್‌ನ ಹ್ಯೂಸ್ಟನ್ ಹತ್ತಿರ. ಇಲ್ಲಿ ಹೋಲಿಸುತ್ತಿರುವುದು ಮೂರು ಬೈಕು. ಮೂರೂ ಹಾರ್ಲಿಯ ಟೂರಿಂಗ್, ಅಂದರೆ ದೂರ ಪಯಣದ, ಜಾತಿಯವೇ. ನನ್ನದು ರೋಡ್ ಕಿಂಗ್. ಹಿಂದೆ ಮಾತ್ರ ಏರ್, ಸೈಡ್ ಸ್ಟ್ಯಾಂಡ್ ಇದೆ. ಎರಡನೆಯದು ನಮ್ಮ ಗುಂಪಿನ ಹಿರಿಯರೊಬ್ಬರ ಬ್ಯಾಗರ್, ಅಂದರೆ ಹಿಂದೆ ಎರಡೂ ಪಕ್ಕಕ್ಕೆ ಪೆಟ್ಟಿಗೆಯಂಥ ಬ್ಯಾಗ್ ಇರುವ ಬೈಕು. ಅವರು ಹಾಸನದ ಕಡೆಯವರು, ನಮಗೆಲ್ಲ ಅಣ್ಣ. ಅದರಲ್ಲಿ ಹಿಂದೆ ಮುಂದೆ ಎರಡೂ ಕಡೆ ಏರ್, ಮುಂದೆ ದೊಡ್ಡ ಚಕ್ರ. ಸೈಡ್ ಸ್ಟ್ಯಾಂಡ್ ಕಿತ್ತೇ ಹಾಕಿದ್ದಾರೆ. ನಿಲ್ಲಿಸಬೇಕಾದರೆ ಗಾಳಿ ಬಿಟ್ಟು ಇಡೀ ಬೈಕನ್ನು ಫ್ರೇಮ್ ಮೇಲೆ ನೆಲಕ್ಕೆ ಕೂರಿಸುತ್ತಾರೆ. ಮೂರನೆಯದು ಗೆಳೆಯನ ರೋಡ್ ಕಿಂಗ್. ಏರ್ ಗೊಡವೆಯೇ ಬೇಡ ಅಂತ ಒಳ್ಳೆಯ ಕಾಯಿಲ್ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡದ್ದು. ನಾವು ಮೂವರೂ ಬೈಕು ಬದಲಾಯಿಸಿಕೊಂಡು ಓಡಿಸುತ್ತೇವೆ. ಗಾಳಿಯ ಒತ್ತಡದಿಂದ ಏಳುವ ಸೆಂಟರ್ ಸ್ಟ್ಯಾಂಡ್ ಒಂದನ್ನೂ ಈ ನಡುವೆ ಬಳಸಿ ನೋಡಿದೆ. ಅದರ ಮಾತು ಕೊನೆಗೆ.

ವ್ಯವಸ್ಥೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಗಾಳಿ ಇರುತ್ತದೆ, ಅಷ್ಟೇ. ಚಿಕ್ಕ ಕಂಪ್ರೆಸರ್, ಹ್ಯಾಂಡಲ್ ಮೇಲೆ ಏರಿಸಲು ಒಂದು ಬಟನ್, ಇಳಿಸಲು ಒಂದು. ಐರಾವತ ಬಸ್ಸಿನ ಕೆಳಗಿರುವುದೂ ಇದೇ ಜಾತಿಯ ಗಾಳಿ ಚೀಲ. ಬಸ್ಸು ಉಸ್ ಅನ್ನುತ್ತದಲ್ಲ, ಬೈಕೂ ಹಾಗೇ ಉಸ್ ಅನ್ನುತ್ತದೆ. ಬರೀ ಕಂಪ್ರೆಸರ್ ಇದ್ದರೆ ಬೈಕು ನಿಧಾನವಾಗಿ ಏಳುತ್ತದೆ. ಜೊತೆಗೆ ಗಾಳಿ ತುಂಬಿಟ್ಟ ಟ್ಯಾಂಕ್ ಇದ್ದರೆ ಬಟನ್ ಒತ್ತಿದ ತಕ್ಷಣ ನೆಗೆದು ನಿಲ್ಲುತ್ತದೆ. ಅಣ್ಣನ ಬೈಕಿನಲ್ಲಿ ಟ್ಯಾಂಕ್ ಇದೆ, ನನ್ನದರಲ್ಲಿ ಇಲ್ಲ.

ಗಾಳಿ ಹೊಸದೇನಲ್ಲ. ಹೋಂಡಾ ಗೋಲ್ಡ್ ವಿಂಗ್ ಜಿಎಲ್1100ಗೆ 1980ರಲ್ಲೇ ಹಿಂದೆ ಮುಂದೆ ಗಾಳಿ ಇತ್ತು. ಹಾರ್ಲಿಯ ಟೂರಿಂಗ್ ಬೈಕುಗಳಿಗೂ 2016ರ ಮಾಡೆಲ್‌ವರೆಗೆ ಹಿಂದಿನ ಶಾಕ್‌ಗೆ ಕೈ ಪಂಪಿನಲ್ಲಿ ಗಾಳಿ ಹಾಕುವ ಏರ್ಪಾಡಿತ್ತು. 2017ರಿಂದ ಕೈಯಲ್ಲಿ ತಿರುಗಿಸುವ ನಾಬ್ ಬಂತು. ಆ ಹಳೆಯ ಶಾಕ್‌ಗೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯಬಾರದು. ಒಳಗಿನ ಜಾಗ ತುಂಬ ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಡ ಮಿತಿ ಮೀರಿ ಸೀಲ್ ಹೋಗುತ್ತದೆ. ಆದರೆ ಅವೆಲ್ಲ ಭಾರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು ಇದ್ದವು. ಬೈಕನ್ನು ನೆಲಕ್ಕೆ ಕೂರಿಸುವ ಹುಚ್ಚು ಕಸ್ಟಮ್ ಲೋಕದ್ದು.

ಸವಾರಿಯ ಮಾತು ಬೇಗ ಮುಗಿಸುತ್ತೇನೆ. ಸ್ಯಾನ್ ಆಂಟೋನಿಯೋ ಪಶ್ಚಿಮಕ್ಕೆ ಹಿಲ್ ಕಂಟ್ರಿಯಲ್ಲಿ 335, 336, 337 ಅಂತ ಮೂರು ರಸ್ತೆಗಳಿವೆ. ಬೈಕಿನವರು ಟ್ವಿಸ್ಟೆಡ್ ಸಿಸ್ಟರ್ಸ್ ಅನ್ನುತ್ತಾರೆ. ಅಲ್ಲಿನ ತಿರುವುಗಳಲ್ಲಿ ಕಾಯಿಲ್ ಶಾಕ್ ಹಾಕಿದ ಗೆಳೆಯನ ಬೈಕೇ ರಾಜ, ಅದರಲ್ಲಿ ಚರ್ಚೆ ಬೇಡ. ತಿರುವಿನ ಮಧ್ಯೆ ಉಬ್ಬು ಬಂದರೂ ಅದು ಹಿಡಿದ ಗೆರೆ ಬಿಡುವುದಿಲ್ಲ. ನನ್ನದು ಅದೇ ಜಾಗದಲ್ಲಿ ಒಂದು ಸಲ ಮೇಲೆದ್ದು, ಮತ್ತೊಮ್ಮೆ ಯೋಚಿಸಿ ಕೂರುತ್ತದೆ. ಗಾಳಿ ಭಾರ ಹೊರುತ್ತದೆಯೇ ಹೊರತು ಕುಣಿತ ನಿಲ್ಲಿಸುವುದಿಲ್ಲ. ಆ ಕೆಲಸ ಎಣ್ಣೆಯ ಡ್ಯಾಂಪರ್‌ನದು. ಅಗ್ಗದ ಕಿಟ್‌ಗಳಲ್ಲಿ ದುಡ್ಡು ಉಳಿಸಿರುವುದೂ ಅಲ್ಲೇ. ಇನ್ನು ಹಿಂದೆ ಮಾತ್ರ ಗಾಳಿ ಇಳಿಸಿ ಓಡಿಸಿದರೆ ಮುಂದಿನ ಫೋರ್ಕ್ ಇನ್ನಷ್ಟು ಒರಗಿ ನಿಲ್ಲುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ಫುಟ್‌ಬೋರ್ಡ್ ಬೇಗ ನೆಲ ಕೆರೆಯುತ್ತದೆ. ಅಣ್ಣನ ಬ್ಯಾಗರ್ ಅನ್ನು ಆ ರಸ್ತೆಗೆ ತರುವುದೇ ಇಲ್ಲ. ಅವರೇ ಒಪ್ಪುವುದಿಲ್ಲ.

ಗಾಳಿ ಗೆಲ್ಲುವುದು ಐ-10ರಂಥ ಕಾಂಕ್ರೀಟ್ ಹೆದ್ದಾರಿಯಲ್ಲಿ, ಅದೂ ಹೆಂಡತಿ ಹಿಂದೆ ಕೂತು, ಎರಡೂ ಬ್ಯಾಗ್ ತುಂಬಿದಾಗ. ಬಟನ್ ಒತ್ತಿ ಒತ್ತಡ ಏರಿಸಿದರೆ ಎತ್ತರ ಮೊದಲಿನಷ್ಟೇ ಆಗುತ್ತದೆ, ಕುಲುಕಾಟವೂ ಹೆಚ್ಚುಕಡಿಮೆ ಒಬ್ಬನೇ ಇದ್ದಾಗಿನಷ್ಟೇ ಇರುತ್ತದೆ. ಕಾಯಿಲ್‌ನಲ್ಲಿ ನಾಬ್ ತಿರುಗಿಸಿ ಎತ್ತರ ಸರಿಮಾಡಬಹುದು, ಆದರೆ ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ. ಯಾವಾಗಲೂ ಒಬ್ಬರೇ ಓಡಿಸುವವರಿಗೆ ಇದರಿಂದ ಏನೂ ಲಾಭವಿಲ್ಲ.

ಈಗ ನಿಲ್ಲಿಸುವ ವಿಷಯ.

ನನ್ನ ಎತ್ತರ ಜಾಸ್ತಿ ಇಲ್ಲ. ಸಿಗ್ನಲ್ ಹತ್ತಿರ ಬರುವಾಗ ಒಂದೆರಡು ಇಂಚು ಇಳಿಸಿದರೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತವೆ. ಹಿಂದಕ್ಕೆ ತಳ್ಳಿ ಪಾರ್ಕ್ ಮಾಡುವಾಗ ಈ ಎರಡು ಇಂಚಿನ ಬೆಲೆ ಗೊತ್ತಾಗುತ್ತದೆ. ಹಾಕಿಸಿದ ದುಡ್ಡಿಗೆ ನನಗೆ ಸಿಕ್ಕ ದೊಡ್ಡ ಸುಖ ಇದೇ. ಮೆತ್ತನೆ ಸವಾರಿ ಆಮೇಲೆ.

ಆದರೆ ಏರ್ ಮತ್ತು ಸೈಡ್ ಸ್ಟ್ಯಾಂಡ್ ಎರಡೂ ಇದ್ದಾಗ ಒಂದು ಲೆಕ್ಕ ತಲೆಯಲ್ಲಿರಬೇಕು. ಸ್ಟ್ಯಾಂಡಿನ ಉದ್ದ ಬದಲಾಗುವುದಿಲ್ಲ. ಬೈಕು ಕೆಳಗಿಳಿದಂತೆ ಅದು ಎಡಕ್ಕೆ ಒರಗುವುದು ಕಮ್ಮಿಯಾಗುತ್ತಾ ನೆಟ್ಟಗಾಗುತ್ತದೆ. ಇನ್ನೂ ಇಳಿದರೆ ಬಲಕ್ಕೆ ಬೀಳಲು ಒಂದು ಗಾಳಿ ಬೀಸಿದರೂ ಸಾಕು. ಹಾರ್ಲಿಯ ಜಿಫಿ ಸ್ಟ್ಯಾಂಡ್ (ಸೈಡ್ ಸ್ಟ್ಯಾಂಡಿಗೆ ಅವರಿಟ್ಟ ಹೆಸರು) ಗಟ್ಟಿಯಾಗಿ ಲಾಕ್ ಆಗುವುದು ಬೈಕಿನ ಭಾರ ಅದರ ಮೇಲೆ ಸರಿಯಾಗಿ ಬಿದ್ದಾಗ. ನೆಟ್ಟಗಿರುವ ಬೈಕಿನಲ್ಲಿ ಅದೂ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ನಾನು ಮಾಡುವ ಕ್ರಮ ಇದು: ಬೈಕಿನ ಮೇಲೆ ಕೂತಿರುವಾಗಲೇ ಬೇಕಾದಷ್ಟು ಗಾಳಿ ಇಳಿಸುತ್ತೇನೆ, ಆಮೇಲೆ ಸ್ಟ್ಯಾಂಡ್ ಹಾಕಿ ಒರಗಿಸಿ ನೋಡುತ್ತೇನೆ, ಫಸ್ಟ್ ಗೇರ್ ಹಾಕಿ ಇಳಿಯುತ್ತೇನೆ. ಸ್ಟ್ಯಾಂಡ್ ಹಾಕಿದ ಮೇಲೆ ಬಟನ್ ಮುಟ್ಟುವುದಿಲ್ಲ. ಸ್ಟ್ಯಾಂಡನ್ನೇ ಗಿಡ್ಡ ಮಾಡಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಿಸಿದರೆ ಬೈಕು ಪೂರ್ತಿ ಎತ್ತರದಲ್ಲಿದ್ದಾಗ ಅತಿಯಾಗಿ ಒರಗುತ್ತದೆ, ಎತ್ತಿ ನಿಲ್ಲಿಸಲು ಸೊಂಟ ಬೇಕು.

ಇಳಿಜಾರೂ ಇದರೊಳಗೆ ಸೇರುತ್ತದೆ. ಮಳೆ ನೀರು ಹರಿಯಲಿ ಅಂತ ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಇಲ್ಲಿ ಗಾಡಿ ಓಡುವುದು ಬಲಗಡೆ. ಬಲ ಅಂಚಿಗೆ ಉದ್ದಕ್ಕೆ ನಿಲ್ಲಿಸಿದರೆ ನೆಲ ಬಲಕ್ಕೆ ಇಳಿದಿರುತ್ತದೆ, ಎಡಗಡೆಯ ಸ್ಟ್ಯಾಂಡ್ ಎತ್ತರದ ಮೇಲೆ ಊರಿರುತ್ತದೆ. ಬೈಕು ಮೊದಲೇ ಅರ್ಧ ನೆಟ್ಟಗೆ. ಅದರ ಮೇಲೆ ಚೀಲದಿಂದ ಗಾಳಿ ಸೋರಿದರೆ ಮುಗಿಯಿತು. ಅದಕ್ಕೆ ಹಿಂದಿನ ಚಕ್ರ ಅಂಚಿಗೆ ತಾಗುವಂತೆ ಹಿಮ್ಮುಖವಾಗಿ ಓರೆಯಾಗಿ ನಿಲ್ಲಿಸುವುದೇ ವಾಸಿ.

ಗಾಳಿ ಸೋರದಿದ್ದರೂ ಚಳಿಗೆ ಕುಗ್ಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಸರಿಮಾಡಿ ನಿಲ್ಲಿಸಿದ ಬೈಕು ಬೆಳಿಗ್ಗೆ ತುಸು ಕೆಳಗಿರುತ್ತದೆ. 38 ಡಿಗ್ರಿಯಿಂದ 3 ಡಿಗ್ರಿಗೆ ಇಳಿದರೆ, ಹೊರುವ ಭಾರ ಅಷ್ಟೇ ಇರುವುದರಿಂದ, ಚೀಲದೊಳಗಿನ ಗಾಳಿಯ ಗಾತ್ರ ಶೇ. 11ರಷ್ಟು ಕಮ್ಮಿಯಾಗುತ್ತದೆ. ಒಂದೇ ರಾತ್ರಿಯಲ್ಲಿ ಅಷ್ಟು ಇಳಿಯುವುದು ಅಪರೂಪ. ಆದರೆ ಚಳಿಗಾಲಕ್ಕೆ ಬೈಕು ಗ್ಯಾರೇಜು ಸೇರಿಸುವವರು ಇದನ್ನು ಮರೆಯಬಾರದು. ನಾನಂತೂ ರಾತ್ರಿ ನಿಲ್ಲಿಸುವಾಗ ಮೊದಲೇ ಪೂರ್ತಿ ಇಳಿಸಿಬಿಡುತ್ತೇನೆ. ಇನ್ನು ಇಳಿಯಲು ಜಾಗವೇ ಇಲ್ಲದಿದ್ದರೆ ಭಯವೂ ಇಲ್ಲ, ಅಲ್ವಾ? ಹಾಗೆ ಇಳಿಸಿದಾಗಲೂ ಸಾಕಷ್ಟು ಒರಗುತ್ತದಾ ಅನ್ನುವುದನ್ನು ಮಾತ್ರ ಮೊದಲೇ ನೋಡಿಕೊಂಡಿರಬೇಕು.

ಅಣ್ಣನ ಬೈಕಿಗೆ ಈ ತಲೆನೋವು ಯಾವುದೂ ಇಲ್ಲ. ಬಂದರು, ಬಟನ್ ಒತ್ತಿದರು, ಬೈಕು ನೆಲಕ್ಕೆ ಕೂತಿತು, ಇಳಿದು ಹೋದರು. ಕಾಲು ಎತ್ತಿ ದಾಟಿಸುವ ಕಷ್ಟವೂ ಕಮ್ಮಿ. ಜುಲೈ ಬಿಸಿಲಿಗೆ ಇಲ್ಲಿ ಟಾರು ಮೆತ್ತಗಾಗಿ ಸೈಡ್ ಸ್ಟ್ಯಾಂಡಿನ ತುದಿ ಒಳಗೆ ಇಳಿಯುತ್ತದೆ. ನಾವು ಅಡಿಗೆ ಇಡಲು ಒಂದು ಬಿಲ್ಲೆ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತೇವೆ, ಅವರಿಗೆ ಅದೂ ಬೇಡ. ನೆಲಕ್ಕೆ ಕೂತ ಬೈಕನ್ನು ತಳ್ಳಿಕೊಂಡು ಹೋಗಲು ಕಳ್ಳನಿಗೂ ಆಗುವುದಿಲ್ಲ.

ನೆಲಕ್ಕೆ ಕೂರಿಸುವುದರ ನಿಜವಾದ ಗೆಲುವು ನಾನು ಕಂಡದ್ದು ದೋಣಿಯಲ್ಲಿ. ಗ್ಯಾಲ್ವೆಸ್ಟನ್‌ನಿಂದ ಪೋರ್ಟ್ ಬೊಲಿವಾರ್‌ಗೆ ಟೆಕ್ಸಸ್ ಸರ್ಕಾರದ ಫೆರಿ ಇದೆ. ಪುಕ್ಕಟೆ. 2.7 ಮೈಲಿ, ಸುಮಾರು 18 ನಿಮಿಷ. ದೊಡ್ಡ ಹಡಗು ಹಾದುಹೋದರೆ ಅಲೆಗೆ ಡೆಕ್ ಓಲಾಡುತ್ತದೆ. ಆ ಹೊತ್ತೆಲ್ಲ ನಾನು, ಗೆಳೆಯ ಬೈಕು ಬಿಟ್ಟು ಇಳಿಯುವುದಿಲ್ಲ, ಎರಡೂ ಕಾಲು ಊರಿ ಕೂತಿರುತ್ತೇವೆ. ಅಣ್ಣ ಕಟಕಟೆ ಹತ್ತಿರ ನಿಂತು ಡಾಲ್ಫಿನ್ ನೋಡುತ್ತಾ, ಬನ್ರಪ್ಪಾ, ಯಾಕೆ ಕೂತ್ಕೊಂಡಿದ್ದೀರಾ ಅಂತ ಕರೆಯುತ್ತಾರೆ. ಉರಿಯುತ್ತದೆ. ಆದರೆ ಹತ್ತುವಾಗ, ಇಳಿಯುವಾಗ ರ‍್ಯಾಂಪಿನ ಮೂಲೆ ದಾಟಲು ಅವರು ಬೈಕನ್ನು ಪೂರ್ತಿ ಏರಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಫ್ರೇಮ್ ಕೆರೆಯುತ್ತದೆ. ಆ ಸದ್ದು ಕೇಳಿದರೆ ನಮಗೇ ಹೊಟ್ಟೆ ಉರಿ ಹೋಗಿಬಿಡುತ್ತದೆ.

ಅವರ ಬೈಕಿಗೆ ಜಾಗ ಹುಡುಕುವುದು ಇನ್ನೊಂದು ಕಥೆ. ನೆಲ ಸಮ ಇರಬೇಕು, ಗಟ್ಟಿ ಇರಬೇಕು, ಜಲ್ಲಿ ಇರಬಾರದು. ಅಡಿಯಲ್ಲಿ ಒಂದು ಕಲ್ಲು ಸಿಕ್ಕರೂ ಬೈಕು ಆ ಕಲ್ಲಿನ ಮೇಲೆ ಓರೆಯಾಗಿ ಕೂರುತ್ತದೆ. ಹುಲ್ಲಿನ ಮೇಲಂತೂ ಬೇಡವೇ ಬೇಡ. ಕಾದ ಸೈಲೆನ್ಸರ್ ಒಣ ಹುಲ್ಲಿಗೆ ತಾಗಿದರೆ ಬೇಸಿಗೆಯಲ್ಲಿ ಬೆಂಕಿ ಹತ್ತುತ್ತದೆ. ನವೆಂಬರ್‌ನಲ್ಲಿ ಗ್ಯಾಲ್ವೆಸ್ಟನ್‌ನ ಸ್ಟ್ರ್ಯಾಂಡ್ ಬೀದಿಯಲ್ಲಿ ಲೋನ್ ಸ್ಟಾರ್ ರ‍್ಯಾಲಿ ನಡೆಯುತ್ತದೆ. ಅಲ್ಲಿ ಸಾಲು ಸಾಲು ಬೈಕುಗಳ ನಡುವೆ ಯಾರಾದರೂ ಸ್ವಲ್ಪ ಸರಿಸಿ ಅಂದರೆ ನನ್ನದನ್ನು ಅಲ್ಲಾಡಿಸಿ ಸರಿಸಬಹುದು. ಅವರದನ್ನು ಆಗುವುದಿಲ್ಲ. ಅವರೇ ಬಂದು ಗಾಳಿ ಏರಿಸಬೇಕು, ಏರಿಸಿದ ಮೇಲೆ ಸ್ಟ್ಯಾಂಡ್ ಇಲ್ಲದ ಬೈಕನ್ನು ಯಾರಾದರೂ ಹಿಡಿದುಕೊಂಡೇ ಇರಬೇಕು.

ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಒಬ್ಬರು ಆಂಟಿ ಅದನ್ನು ನೋಡಿ, ಪಾಪ, ಎರಡೂ ಟೈರ್ ಪಂಕ್ಚರ್ ಆಗಿದ್ಯೇನಪ್ಪಾ ಅಂತ ಕೇಳಿದ್ದರು. ಅಣ್ಣ ನಕ್ಕು ಬಟನ್ ಒತ್ತಿ ತೋರಿಸಿದರು. ಆ ಆಂಟಿಯ ಮೊಮ್ಮಗ ಮತ್ತೆ ಮತ್ತೆ ಮಾಡಿ ಅಂತ ಹಟ ಹಿಡಿದ. ಟ್ಯಾಂಕಿನಲ್ಲಿ ಗಾಳಿ ಖಾಲಿಯಾಗಿ ಕಂಪ್ರೆಸರ್ ಗೊರ್ ಅನ್ನಲು ಶುರುವಾಯಿತು.

ಅಲ್ಲೇ ಇದರ ಬಲಹೀನತೆ ಇರುವುದು. ಗಾಳಿ ಇಲ್ಲದಿದ್ದರೆ ಬೈಕು ಕದಲುವುದಿಲ್ಲ. ಹಾರ್ಲಿ ಟೂರಿಂಗ್ ಬೈಕಿನ ಬ್ಯಾಟರಿ 28 ಆಂಪಿಯರ್-ಅವರ್. ಕಂಪ್ರೆಸರ್ ಒಳ್ಳೆ ಹೊಟ್ಟೆಬಾಕ. ಎಂಜಿನ್ ನಿಲ್ಲಿಸಿ ಸುಮ್ನೆ ಏರಿಸಿ ಇಳಿಸಿ ಆಟವಾಡಿದರೆ ಬೈಕು ಏಳಲೂ ಇಲ್ಲ, ಸ್ಟಾರ್ಟೂ ಇಲ್ಲ. ಒಮ್ಮೆ ಅವರ ಗಾಳಿ ಪೈಪಿನ ಒಂದು ಜೋಡಣೆ ಸೋರಿ ಟ್ಯಾಂಕ್ ಖಾಲಿಯಾಗಿತ್ತು. ಕಾರಿನ ಟೈರಿಗೆ ಗಾಳಿ ಹಾಕುವ ಚಿಕ್ಕ ಪಂಪನ್ನು ಟೈರ್ ವಾಲ್ವಿನಂಥದ್ದೇ ಒಂದು ವಾಲ್ವಿಗೆ ಸಿಕ್ಕಿಸಿ ಎಬ್ಬಿಸಿದೆವು. ಕಿಟ್ ಕೊಳ್ಳುವಾಗ ಆ ವಾಲ್ವ್ ಇದೆಯೇ ಅಂತ ಕೇಳಿ. ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ನನ್ನದರಲ್ಲಿ ಗಾಳಿ ಪೂರ್ತಿ ಹೋದರೂ ಹಿಂಭಾಗ ಕುಸಿದು ಕೂರುತ್ತದೆ ಅಷ್ಟೇ, ಮನೆಯವರೆಗೆ ಎಗರಿಕೊಂಡು ಹೋಗಬಹುದು. ಸೊಂಟಕ್ಕೆ ಮುಲಾಮು ಬೇಕಾಗುತ್ತದೆ, ಟೋ ಟ್ರಕ್ ಬೇಡ. ಗೆಳೆಯನ ಕಾಯಿಲ್ ಶಾಕ್‌ಗೆ ಇದ್ಯಾವುದೂ ತಟ್ಟುವುದಿಲ್ಲ. ಅವನು ಇದನ್ನು ನಮಗೆ ನೆನಪಿಸದ ದಿನವಿಲ್ಲ.

ಟ್ಯಾಂಕ್ ಇರುವವರಿಗೆ ಇನ್ನೊಂದು ಕೆಲಸ: ಹ್ಯೂಸ್ಟನ್‌ನಂಥ ತೇವದ ಹವೆಯಲ್ಲಿ ಒಳಗೆ ನೀರು ಸೇರುತ್ತದೆ. ಆಗಾಗ ಅಡಿಯ ತಿರುಪು ಬಿಚ್ಚಿ ಹೊರಗೆ ಬಿಡಬೇಕು.

ಇನ್ನು ಗಾಳಿಯ ಸೆಂಟರ್ ಸ್ಟ್ಯಾಂಡ್. ಇದು ಮೂರಕ್ಕೂ ನಡುವಿನ ದಾರಿ. ಬಟನ್ ಒತ್ತಿದರೆ ಎರಡು ಕಾಲು ಕೆಳಗೆ ಬಂದು ಬೈಕನ್ನು ನೆಟ್ಟಗೆ ನಿಲ್ಲಿಸುತ್ತವೆ. ನಾನು ಬಳಸಿದ್ದರಲ್ಲಿ ಕಾಲುಗಳು ಮಧ್ಯ ದಾಟಿ ತಡೆಗೆ ತಾಗಿ ನಿಲ್ಲುತ್ತಿದ್ದವು. ಹಾಗಾಗಿ ಆಮೇಲೆ ಗಾಳಿ ಹೋದರೂ ಬೈಕು ಬೀಳುವುದಿಲ್ಲ. ಕೊಳ್ಳುವವರು ನೋಡಬೇಕಾದ ಮೊದಲ ಅಂಶ ಇದೇ. ಇಕ್ಕಟ್ಟಿನ ಗ್ಯಾರೇಜಿಗೆ ಇದು ಹೇಳಿ ಮಾಡಿಸಿದ್ದು. ಬೈಕು ಒರಗುವುದಿಲ್ಲವಾದ್ದರಿಂದ ಪಕ್ಕದಲ್ಲಿ ಕಾರಿನ ಬಾಗಿಲು ತೆಗೆಯಲು ಜಾಗ ಉಳಿಯುತ್ತದೆ. ಎಣ್ಣೆ ಬದಲಿಸಲೂ ಸುಲಭ. ಬೀದಿಯಲ್ಲಿ ಮಾತ್ರ ನನಗೆ ಹಿಡಿಸಲಿಲ್ಲ. ಅಡಿಯಲ್ಲಿ ಕಬ್ಬಿಣ ನೇತಾಡುವುದರಿಂದ ಮೊದಲೇ ತಗ್ಗಾದ ಬೈಕು ಇನ್ನೂ ಬೇಗ ಕೆರೆಯುತ್ತದೆ. ಕಳಚಿ ವಾಪಸ್ ಕೊಟ್ಟೆ. ಗ್ಯಾರೇಜು ಇನ್ನೂ ಚಿಕ್ಕದಿದ್ದಿದ್ದರೆ ಇಟ್ಟುಕೊಳ್ಳುತ್ತಿದ್ದೆನೇನೋ.

ದಾವಣಗೆರೆಯ ನನ್ನ ಬಾಮೈದ ವಿಡಿಯೋ ಕಾಲ್‌ನಲ್ಲಿ ಇದೆಲ್ಲ ನೋಡಿ, ಭಾವ, ನಂಗೂ ಒಂದು ಕಿಟ್ ತನ್ನಿ ಅಂದ. ಬೇಡ ಅಂದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದೆ. ಅದು ಹಾಗಿರಲಿ, ನಮ್ಮಲ್ಲಿ ನಿಯಮದ ಪ್ರಕಾರ ಹಾಕಿದ ಹಂಪೇ 10 ಸೆಂಟಿಮೀಟರ್ ಎತ್ತರ ಇರುತ್ತದೆ, ಊರವರು ತಾವೇ ಹಾಕಿಕೊಂಡ ಹಂಪಿಗೆ ಅಳತೆಯೇ ಇಲ್ಲ. ನಿಂತಾಗ ತಾನಾಗಿ ತಗ್ಗುವ ಬೈಕೇ ಬೇಕೆಂದರೆ ಕಂಪನಿಯೇ ಹಾಕಿ ಕೊಡುವುದನ್ನು ನೋಡು ಅಂದೆ. ಹಾರ್ಲಿಯ ಪ್ಯಾನ್ ಅಮೆರಿಕ ಸ್ಪೆಷಲ್‌ಗೆ 2021ರಲ್ಲಿ ಅಂಥ ಏರ್ಪಾಡು ಬಂತು. ಅದರಲ್ಲಿ ಗಾಳಿ ಇಲ್ಲ, ಎಲೆಕ್ಟ್ರಾನಿಕ್ ಹಿಡಿತದ ಸಸ್ಪೆನ್ಷನ್ನೇ ನಿಲ್ಲುವ ಹೊತ್ತಿಗೆ ಒಂದೆರಡು ಇಂಚು ಇಳಿಯುತ್ತದೆ. ಬೆಲೆ ಹುಡುಕಿ ನೋಡಿದ ಮೇಲೆ ಅವನು ಆ ಮಾತೆತ್ತಿಲ್ಲ.