ಯುರೋಪಿಯನ್ ಪಾರ್ಲಿಮೆಂಟಿನ ಬ್ರಸೆಲ್ಸ್ ಸಮಿತಿ ಸಭೆಗಳ ನೇರ ಪ್ರಸಾರ: ಮೂರು ಸ್ಟಾರ್ ಕೊಟ್ಟೆ, ಮೆಕ್ಕೆಜೋಳ ಎಲ್ಲಿ ಹೋಯ್ತು ಅಂತ ಮಾತ್ರ ಕಾಣಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಸಮಿತಿ ಅಂದರೆ ನನಗೆ ಅಷ್ಟಕ್ಕಷ್ಟೇ. ಒಂದು ಊರಿನ ಸ್ಥಳೀಯ ಸಂಸ್ಥೆಗೆ ಎರಡು ಸಲ ಗೆದ್ದು ಸ್ಥಾಯಿ ಸಮಿತಿಯಲ್ಲಿ ಕೂತವನು ನಾನು. ಯಾವ ಊರು ಅಂತ ಬೇಡ. ಸಭೆ ಶುರುವಾಗುವ ಹೊತ್ತಿಗೆ ಎಲ್ಲಾ ತೀರ್ಮಾನ ಆಗಿರುತ್ತಿತ್ತು, ನಾವು ಮಂಡಕ್ಕಿ ಮಿರ್ಚಿ ತಿಂದು ಸಹಿ ಹಾಕಿ ಬರುತ್ತಿದ್ದೆವು. ಈಗ ದಾವಣಗೆರೆಯಲ್ಲಿ ಮನೆ, ಬಿಡುವು ಜಾಸ್ತಿ.

ಚಿಕ್ಕಮಗಳೂರಿನ ನಮ್ಮ ಬೀಗರು ಒಂದು ದಿನ ಫೋನ್ ಮಾಡಿದರು. "ಬೀಗರೇ, ನೀವು ರಾಜಕೀಯ ನೋಡಿದವರು. ಕಾಫಿ ಕೊಳ್ಳೋರು ತೋಟದ ಜಿಪಿಎಸ್ ಕೊಡಿ ಅಂತಿದ್ದಾರೆ. ಯುರೋಪಿನ ಕಾನೂನಂತೆ. ಯಾರು ಮಾಡಿದ್ದು ಇದನ್ನ?" ಗೊತ್ತಿಲ್ಲ ಅನ್ನೋ ಅಭ್ಯಾಸ ನಮ್ಮ ಕಸುಬಿನವರಿಗೆ ಇಲ್ಲ. ವಾರ ಬಿಟ್ಟು ಹೇಳ್ತೀನಿ ಅಂದೆ. ಹುಡುಕಿದಾಗ ಸಿಕ್ಕಿದ್ದೇ ಯುರೋಪಿಯನ್ ಪಾರ್ಲಿಮೆಂಟಿನವರ ಈ ನೇರ ಪ್ರಸಾರ. ಹಳೆಯ ಸಭೆಗಳ ರೆಕಾರ್ಡಿಂಗೂ ಇದೆ.

ಸೇವೆ ಪುಕ್ಕಟೆ. ಜಾಹೀರಾತಿಲ್ಲ. ಅವರ ಅಧಿಕೃತ ಭಾಷೆಗಳು 24, ಆ ಸಭೆಗೆ ಯಾವ ಯಾವ ಭಾಷೆಯ ಅನುವಾದಕರು ಬಂದಿದ್ದಾರೋ ಅದರಲ್ಲಿ ಬೇಕಾದ್ದನ್ನು ಒತ್ತಬಹುದು. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅವರ ಮಧ್ಯಾಹ್ನದ ಸಭೆ ನಮಗೆ ಸಂಜೆ ಆರರ ಮೇಲೆ. ಅಂದರೆ ಸರಿಯಾಗಿ ಧಾರಾವಾಹಿ ಟೈಮು. ಮನೆಯಲ್ಲಿ ಟಿವಿ ಬಿಟ್ಟುಕೊಡಲಿಲ್ಲ, ಮೊಬೈಲಿನಲ್ಲೇ ನೋಡಿದೆ.

ನೋಡಲು ಚೆನ್ನಾಗಿದೆ, ಸುಳ್ಳು ಹೇಳಬಾರದು. ಒಂದು ಮಸೂದೆಯನ್ನು ಒಬ್ಬ ಸದಸ್ಯರು ಹೊರುತ್ತಾರೆ, ಅವರಿಗೆ ರಾಪೋರ್ಟರ್ ಅಂತಾರೆ, ನಮ್ಮ ಪೇಪರಿನ ರಿಪೋರ್ಟರ್ ಅಲ್ಲ. ಬೇರೆ ಪಕ್ಷಗಳ ಗುಂಪಿನವರು ಒಬ್ಬೊಬ್ಬರನ್ನು ಅವರ ಬೆನ್ನಿಗೆ ಬಿಡುತ್ತಾರೆ, ಶ್ಯಾಡೋ ಅಂತ. ಕಾಡು ಕಡಿದು ಬೆಳೆದದ್ದನ್ನು ಕೊಳ್ಳಲ್ಲ, ಅದಕ್ಕೇ ತೋಟ ಎಲ್ಲಿದೆ ತೋರಿಸಿ ಅನ್ನೋ ಈ ಕಾಫಿ ಕಾನೂನು ಹೊತ್ತವರು ಪರಿಸರ ಸಮಿತಿಯಲ್ಲಿದ್ದ ಲಕ್ಸೆಂಬರ್ಗಿನ ಕ್ರಿಸ್ಟೋಫ್ ಹ್ಯಾನ್ಸೆನ್, 2024ರ ಡಿಸೆಂಬರಿನಿಂದ ಅವರೇ ಯುರೋಪಿನ ಕೃಷಿ ಕಮಿಷನರ್, ಅಂದರೆ ನಮ್ಮ ಕೃಷಿ ಮಂತ್ರಿ ಇದ್ದ ಹಾಗೆ. ಸಮಿತಿಯಲ್ಲಿ ಮೈ ಮುರಿದು ದುಡಿದರೆ ಮೇಲೆ ಹೋಗಬಹುದು ಅನ್ನೋದನ್ನು ನಾನು ಈ ವಯಸ್ಸಿಗೆ ಕೇಳಿದ್ದು. ಮಾತಾಡಲು ಒಂದೋ ಎರಡೋ ನಿಮಿಷ, ಮಾತು ಮುಗಿಸಿ ಫೈಲ್ ಎತ್ತಿಕೊಂಡು ಎದ್ದು ಹೋಗೋರೂ ಇದ್ದಾರೆ, ಆಗ ನಮ್ಮವರೇ ಅನ್ನಿಸಿತು. ಅನುವಾದಕರ ಪಾಡು ಮಾತ್ರ ಪಾಪ. ಜರ್ಮನ್‌ನಲ್ಲೂ ಎಷ್ಟೋ ಸಲ ನಮ್ಮ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದಂತೆ, ಅಲ್ಲಿವರೆಗೆ ಆ ಹೆಣ್ಣುಮಗಳು ಉಸಿರು ಹಿಡಿದು ಕಾಯಬೇಕು.

ಮತ ಹಾಕುವಾಗ ಇನ್ನೂ ಮಜಾ. ತಿದ್ದುಪಡಿ ನಂಬರ್ ಕೂಗುತ್ತಾರೆ, ಕೈ ಮೇಲೆ, ಕೈ ಕೆಳಗೆ, ಅಂಗೀಕಾರ, ಮುಂದಿನದು. ಹಿಂದೆ ನಮ್ಮ ಮಂಡಿಯಲ್ಲಿ ಮೆಕ್ಕೆಜೋಳ ಹರಾಜು ಕೂಗುತ್ತಿದ್ದ ಸ್ಪೀಡು.

ಮೆಕ್ಕೆಜೋಳ ಅಂದೆನಲ್ಲ, ನನ್ನ ತಕರಾರು ಅಲ್ಲೇ ಇರೋದು. ಮಸೂದೆ ತರುವ ಅಧಿಕಾರ ಈ ಪಾರ್ಲಿಮೆಂಟಿಗೆ ಇಲ್ಲ, ಅದು ಯುರೋಪಿನ ಆಡಳಿತ ನಡೆಸುವ ಕಮಿಷನ್ನಿನ ಕೈಲಿದೆ. ಅಡುಗೆ ಅವರದು, ಉಪ್ಪು ಖಾರ ಇವರದು. ಈ ಕಾನೂನಿಗೆ ಕಮಿಷನ್ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ದನ, ಕೋಕೋ, ಕಾಫಿ, ತಾಳೆ ಎಣ್ಣೆ, ಸೋಯಾ, ಮರ. 2022ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ರಬ್ಬರ್, ಮೆಕ್ಕೆಜೋಳ, ಹಂದಿ, ಕುರಿ, ಮೇಕೆ, ಕೋಳಿ ಎಲ್ಲಾ ಸೇರಿಸಿ ಅಂತ ಮತ ಹಾಕಿತು. ಡಿಸೆಂಬರ್ 6ಕ್ಕೆ ರಾಜಿ ಆದಾಗ ನೋಡಿದರೆ ರಬ್ಬರ್ ಉಳಿದಿದೆ, ಮೆಕ್ಕೆಜೋಳ ಮಾಯ! ಕೋಳಿಯೂ ಇಲ್ಲ. ನಮ್ಮ ಜೋಳಕ್ಕೂ ಯುರೋಪಿಗೂ ಸಂಬಂಧ ಇದೆಯೋ ಇಲ್ಲವೋ, ದಾವಣಗೆರೆಯವನಿಗೆ ಆ ಹೆಸರು ಕಂಡರೆ ಕಿವಿ ನಿಮಿರುತ್ತದೆ. ಯಾವ ಸಭೆಯಲ್ಲಿ ಬಿಟ್ಟರು ಅಂತ ಎರಡು ಸಂಜೆ ರೆಕಾರ್ಡಿಂಗ್ ಹಿಂದೆ ಮುಂದೆ ಓಡಿಸಿದೆ. ಸಿಗಲಿಲ್ಲ.

ಸಿಗೋದೂ ಇಲ್ಲ. ಯಾಕೆಂದರೆ ಟ್ರಯಲಾಗ್ ಅಂತ ಒಂದಿದೆ. ಪಾರ್ಲಿಮೆಂಟು, ಸದಸ್ಯ ದೇಶಗಳ ಸರ್ಕಾರಗಳ ಕೌನ್ಸಿಲ್ಲು, ಕಮಿಷನ್ನು, ಮೂವರೂ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಎದುರಿಗೆ ನಾಲ್ಕು ಕಾಲಂ ಕಾಗದ. ಮೂರು ಕಾಲಂನಲ್ಲಿ ಮೂವರ ಮಾತು, ನಾಲ್ಕನೆಯದರಲ್ಲಿ ರಾಜಿ. ಆ ನಾಲ್ಕನೇ ಕಾಲಂ ತೋರಿಸಲ್ಲ ಅಂದಿದ್ದಕ್ಕೆ ಡಿ ಕಪಿಟಾನಿ ಅನ್ನೋರು ಪಾರ್ಲಿಮೆಂಟಿನ ಮೇಲೇ ಕೇಸು ಹಾಕಿ 2018ರಲ್ಲಿ ಗೆದ್ದರು. ಕೇಳಿದವರಿಗೆಲ್ಲ ಸಾರಾಸಗಟಾಗಿ ಇಲ್ಲ ಅನ್ನುವಂತಿಲ್ಲ ಅಂತ ಕೋರ್ಟು ಹೇಳಿತು. ಆ ಕೋಣೆಯಲ್ಲಿ ಕ್ಯಾಮೆರಾ ಮಾತ್ರ ಇಲ್ಲ. ನಮ್ಮ ಅಧ್ಯಕ್ಷರ ಚೇಂಬರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ, ಮಿರ್ಚಿ ಇರಲ್ಲ ಅಷ್ಟೇ. ಆಮೇಲೆ 2023ರ ಏಪ್ರಿಲ್ 19ರಂದು ಪೂರ್ತಿ ಸದನದಲ್ಲಿ ಮತ, 552 ಪರ, 44 ವಿರುದ್ಧ. ಅದನ್ನು ಚೆಂದವಾಗಿ ತೋರಿಸುತ್ತಾರೆ. ಆಗಿಹೋದ ಮದುವೆಯ ವಿಡಿಯೋ ತೋರಿಸಿದ ಹಾಗೆ.

ಹಾಗಾದರೆ ಮೂರು ಸ್ಟಾರ್ ಯಾಕೆ ಅಂತೀರಾ? ಒಂದೇ ಕಾರಣಕ್ಕೆ. ಸಮಿತಿಯ ಕೊನೆ ಮತದಲ್ಲಿ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಅಂತ ವರದಿಯಲ್ಲಿ ಹೆಸರು ಸಮೇತ ಅಚ್ಚು ಹಾಕುತ್ತಾರೆ. ನಾನು ಕೂತಿದ್ದ ಕಡೆ ಹೀಗೆ ಹಾಕಿದ್ದರೆ ಎರಡನೇ ಸಲ ನಾನು ಗೆಲ್ಲುತ್ತಿರಲಿಲ್ಲ.

ಬೀಗರಿಗೆ ಫೋನ್ ಮಾಡಿ ಹೇಳಿದೆ. ಕಾನೂನು ಜಾರಿಯ ಗಡುವು ಎರಡು ಸಲ ಮುಂದೆ ಹೋಗಿದೆ, ದೊಡ್ಡ ಕಂಪನಿಗಳಿಗೆ ಈಗ 2026ರ ಡಿಸೆಂಬರ್ 30. ನಾಲ್ಕು ಹೆಕ್ಟೇರ್ ಒಳಗಿನ ತೋಟಕ್ಕೆ ಜಿಪಿಎಸ್‌ನ ಒಂದು ಪಾಯಿಂಟ್ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಸುತ್ತಲಿನ ಗಡಿ ಪೂರ್ತಿ ಗುರುತು ಮಾಡಿ ಕೊಡಬೇಕು. ಅಂದರೆ ಸುಮಾರು ಹತ್ತು ಎಕರೆ. ಅವರದು ಹನ್ನೊಂದು.

"ಆ ಹತ್ತಕ್ಕೇ ಗೆರೆ ಎಳೆದೋರು ಯಾರು ಅಂತ ಆ ವಿಡಿಯೋದಲ್ಲಿ ಸ್ವಲ್ಪ ನೋಡಿ ಹೇಳ್ತೀರಾ ಬೀಗರೇ?" ಅಂದರು.